ಹಸಿ ಪುಟ್ಟಿ

ಹೊಳೆ ದಂಡೆಯ ಆಶ್ರಮಕ್ಕೆ ಜನ ಮನಸ್ಸಿನ ನೆಮ್ಮದಿ ಕೇಳಿಕೊಂಡು ಬರುತ್ತಾರೆ. ಮರುಳಸಿದ್ಧ ಬಂದದ್ದು ಗೋಡೆಗೆ ಪುಟ್ಟಿ ಹಚ್ಚುವುದನ್ನು ಕಲಿಯಲು.

ಜಾಗವೇನೋ ಸರಿಯಾದದ್ದೇ. ಅಲ್ಲಿನ ಅಜ್ಜಯ್ಯ ಕಾವಿ ಉಡುವ ಮೊದಲು ಬಹಳ ಕಾಲ ಪುಟ್ಟಿ ಮೇಸ್ತ್ರಿಯಾಗಿದ್ದವರು.

"ಮನೆಯ ಹಾಲ್‌ನಲ್ಲಿ ಇಟ್ಟಿಗೆ ಬದಲು ಜಿಪ್ಸಂ ಬೋರ್ಡಿನ ಗೋಡೆ ಇದೆ, ಅಜ್ಜಯ್ಯ. ಮಂಚ ಸಾಗಿಸುವಾಗ ತಗುಲಿ ತೂತಾಯ್ತು. ನಾಲ್ಕು ಸಲ ಪುಟ್ಟಿ ಮೆತ್ತಿದೆ. ನಾಲ್ಕು ಸಲವೂ ಬಿರುಕು ಬಿಟ್ಟಿತು."

"ಕೆಲಸದೋರನ್ನ ಕರೀಬಹುದಿತ್ತಲ್ಲ."

"ನಮ್ಮೂರು ಚಿಕ್ಕದು. ಬಂದೋರು ಹೆಂಗಾಯ್ತು ಅಂತ ಕೇಳ್ತಾರೆ."

"ಮಂಚ ತಗುಲಿದ್ದು ಹೇಳೋಕೆ ಏನು ನಾಚಿಕೆ?"

ಮರುಳಸಿದ್ಧ ಮಾತು ತಿರುಗಿಸಿದ. "ನನ್ನ ಹೆಂಡತಿ ವಿಶಾಲಾಕ್ಷಿ ತವರಿಗೆ ಹೋಗಿ ಹನ್ನೊಂದು ದಿನ ಆಯ್ತು. ನಾಳೆ ನಾಲ್ಕು ಗಂಟೆ ಬಸ್ಸಿಗೆ ಬರ್ತಾಳೆ. ಬಂದು ನೋಡ್ತೀನಿ, ಇರೋದೋ ಬಿಡೋದೋ ಆಮೇಲೆ ಹೇಳ್ತೀನಿ ಅಂದಿದ್ದಾಳೆ. ಅಷ್ಟರೊಳಗೆ ಗೋಡೆ ಮೊದಲಿನ ಹಾಗೆ ಆಗ್ಬೇಕು."

ಅಜ್ಜಯ್ಯ ಎದ್ದುಹೋಗಿ ಬೋರ್ಡಿನ ಎರಡು ತುಂಡು ತಂದು, ಬಾವಿಕಟ್ಟೆಗೆ ಒತ್ತೊತ್ತಾಗಿ ಒರಗಿಸಿದರು.

ನಡುವಿನ ಸಂದಿಗೆ ತೆಳ್ಳಗೆ ಪುಟ್ಟಿ ಹಚ್ಚಿದರು. ಅದರ ಮೇಲೆ ಕಾಗದದ ಟೇಪು ಕೂರಿಸಿ, ಹಿಡಿಯಿರುವ ಅಗಲ ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರು.

"ಇಷ್ಟೇ. ಒಂದು ಸಲ ಎಳಿ, ಕೈ ತೆಗಿ."

ಮರುಳಸಿದ್ಧ ಇನ್ನೆರಡು ತುಂಡು ಇಟ್ಟುಕೊಂಡು ಹಚ್ಚಿದ. ಒಮ್ಮೆ ಎಳೆದ. ಒಂದು ಕಡೆ ಕೊಂಚ ಉಬ್ಬಿದಂತೆ ಕಂಡಿತು, ಮತ್ತೆ ಎಳೆದ. ಮೂರನೆಯ ಸಲಕ್ಕೆ ಟೇಪು ಸುಕ್ಕುಗಟ್ಟಿ ಬ್ಲೇಡಿನ ಜೊತೆಗೇ ಎದ್ದು ಬಂತು.

"ಯಾಕೆ ಮತ್ತೆ ಮುಟ್ಟಿದೆ?"

"ಉಬ್ಬಿತ್ತು."

"ಒಣಗಿದ ಮೇಲೆ ಉಪ್ಪುಕಾಗದ ಹಾಕಿ ತಿಕ್ಕೋದು ಅದಕ್ಕೇ. ಹಸಿ ಇದ್ದಾಗ ತಿದ್ದೋಕೆ ಹೋದ್ರೆ ಕಿತ್ತು ಬರ್ತೈತೆ."

ಗೊತ್ತಾಯಿತು ಅಂದ. ಗೊತ್ತಾದದ್ದು ತಲೆಗೆ, ಕೈಗಲ್ಲ. ಮಧ್ಯಾಹ್ನದ ಪ್ರಸಾದದ ಗಂಟೆ ಬಾರಿಸುವ ಹೊತ್ತಿಗೆ ಆರು ಜೊತೆ ತುಂಡು ಹಾಳಾಗಿದ್ದವು.

ಏಳನೆಯದೂ ಕಿತ್ತು ಬಂದಾಗ ಅವನಿಗೆ ಮೈಯೆಲ್ಲ ಉರಿಯಿತು. ಬ್ಲೇಡು ಹಿಡಿದ ಕೈ ತಲೆಯ ಮೇಲಕ್ಕೆ ಹೋಯಿತು, ಎಸೆಯಲಿಕ್ಕೆ.

ಅಜ್ಜಯ್ಯ ಆ ಕೈಯನ್ನು ನೋಡುತ್ತಿದ್ದರು.

ಮರುಳಸಿದ್ಧ ಕೈ ಇಳಿಸಿದ. ಬ್ಲೇಡನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ.

"ನಾಳೆ ಬೆಳಿಗ್ಗೆ ನಿನ್ನ ಮನೆಗೇ ಬರ್ತೀನಿ," ಅಂದರು ಅಜ್ಜಯ್ಯ.

ಮರುದಿನ ಬಂದವರು ಹಾಲ್‌ನಲ್ಲಿ ನಿಂತು ಸುತ್ತ ನೋಡಿದರು. ತೂತು ಕಾಣಲಿಲ್ಲ. ಆದರೆ ಉದ್ದನೆಯ ಗೋಡೆಯ ನಟ್ಟನಡುವೆ, ಯಾರೂ ನೇತುಹಾಕದ ಜಾಗದಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು.

ಅದನ್ನು ತೆಗೆದು ಕೆಳಗಿಟ್ಟರು. ಬಿರುಕು ಬಿಟ್ಟ ಪುಟ್ಟಿಯನ್ನು ಬ್ಲೇಡಿನ ಹಿಡಿಯಿಂದ ಕುಟ್ಟಿ ಬೀಳಿಸಿದರು. ಅಂಗೈಯಷ್ಟು ಅಗಲದ, ದುಂಡನೆಯ ತೂತು.

"ಮಂಚಕ್ಕೆ ಇಂಥ ದುಂಡು ಮೂಲೆ ಇರೋದಿಲ್ಲ, ತಮ್ಮಾ."

"ಚೊಂಬು," ಅಂದ ಮರುಳಸಿದ್ಧ. "ಏನೋ ಮಾತಿಗೆ ಮಾತು ಬೆಳೀತು. ಸಿಟ್ಟಲ್ಲಿ ಗೋಡೆಗೆ ಎಸೆದೆ."

"ಗೋಡೆಗೆ?"

"ಹೂಂ. ಗೋಡೆಗೆ."

"ಇಲ್ಲಿ ಬಂದು ನಿಲ್ಲು."

ಅವನು ಹೋಗಿ ಗೋಡೆಗೆ ಬೆನ್ನು ಕೊಟ್ಟು ತೂತಿನ ಪಕ್ಕ ನಿಂತ. ತೂತು ಅವನ ಬಾಯಿಯ ಮಟ್ಟಕ್ಕಿತ್ತು.

"ನಿನ್ನ ಹೆಂಡತಿ ಎಷ್ಟು ಎತ್ತರ?"

"ನನ್ನ ಕಿವಿವರೆಗೆ."

ಅಜ್ಜಯ್ಯ ಅವನ ಕಿವಿಯಿಂದ ತೂತಿನವರೆಗೆ ಕಣ್ಣಲ್ಲೇ ಅಳೆದರು: ಅವಳ ಹಣೆಯ ಮಟ್ಟ. ಚೀಲದಿಂದ ಸಣ್ಣ ಗರಗಸ ತೆಗೆದು ತೂತಿನೊಳಗೆ ಇಳಿಸಿ, ಗೋಡೆಯನ್ನು ಕೊಯ್ಯತೊಡಗಿದರು.

"ಅಜ್ಜಯ್ಯ, ಏನ್ ಮಾಡ್ತಿದ್ದೀರಿ? ಮುಚ್ಚೋಕೆ ಅಂತ ಕರೆದುಕೊಂಡು ಬಂದೆ, ನೀವು ಇನ್ನೂ ದೊಡ್ಡದು ಮಾಡ್ತಿದ್ದೀರಿ."

"ಸುತ್ತ ಒಡೆದಿದ್ದನ್ನೆಲ್ಲ ಒಳಗೇ ಬಿಟ್ಟು ಮೇಲೆ ಮೆತ್ತಿದ್ದೆ. ನಿಲ್ಲೋದು ಹೆಂಗೆ?"

ಮೊಳದಗಲದ ಚೌಕ ಬಾಯಿ ಬಿಟ್ಟಿತು. ಮರುಳಸಿದ್ಧ ಗಡಿಯಾರ ನೋಡಿದ. ಹನ್ನೊಂದು.

ಒಳಗೆ ಅಡ್ಡಲಾಗಿ ಎರಡು ಮರದ ಪಟ್ಟಿ ಕೊಟ್ಟು ಹಳೆಯ ಬೋರ್ಡಿಗೆ ಸ್ಕ್ರೂ ಹಾಕಿದರು. ಹೊಸ ತುಂಡನ್ನೂ ಅದೇ ಪಟ್ಟಿಗಳಿಗೆ ಬಿಗಿದರು. ನಾಲ್ಕೂ ಅಂಚಿಗೆ ಟೇಪು ಹಾಕಿದ್ದು ಮರುಳಸಿದ್ಧ. ಒಂದೊಂದಕ್ಕೂ ಒಂದೇ ಸಲ ಎಳೆದ. ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ.

"ಎಷ್ಟು ಹೊತ್ತಿಗೆ ಒಣಗುತ್ತೆ?"

"ನಾಳೆ ಹೊತ್ತಿಗೆ. ಆಮೇಲೆ ಇನ್ನೂ ಅಗಲಕ್ಕೆ ಇನ್ನೊಂದು ಕೈ ಪುಟ್ಟಿ. ಅದೂ ಒಣಗಬೇಕು. ಆಮೇಲೆ ಮತ್ತೊಂದು."

"ಬಸ್ಸು ನಾಲ್ಕಕ್ಕೆ."

"ಪುಟ್ಟಿಗೆ ಬಸ್ಸಿನ ವೇಳೆ ಗೊತ್ತಿಲ್ಲ."

ಹಳದಿ ಗೋಡೆಯ ನಡುವೆ ಬಿಳಿ ಚೌಕ, ಬಾಗಿಲಿಂದಲೇ ಕಣ್ಣಿಗೆ ರಾಚುತ್ತಿತ್ತು. ನಾಲ್ಕೂಕಾಲಿಗೆ ಮರುಳಸಿದ್ಧ ಕ್ಯಾಲೆಂಡರನ್ನು ಕೈಗೆತ್ತಿಕೊಂಡ.

"ಹಾಕು ಬೇಕಾದ್ರೆ," ಅಂದರು ಅಜ್ಜಯ್ಯ. "ಹಸಿಗೆ ಅಂಟ್ಕೊಳ್ತೈತೆ. ತೆಗೆಯುವಾಗ ಎಲ್ಲ ಕಿತ್ತು ಬರ್ತೈತೆ."

ಗೇಟಿನ ಸದ್ದಾಯಿತು.

ವಿಶಾಲಾಕ್ಷಿ ಹೊಸ್ತಿಲಲ್ಲೇ ನಿಂತಳು. ಒಂದು ಕೈಯಲ್ಲಿ ಚೀಲ. ಮೊದಲು ಗೋಡೆ ನೋಡಿದಳು, ಆಮೇಲೆ ಗಂಡನ ಕೈಯಲ್ಲಿದ್ದ ಕ್ಯಾಲೆಂಡರ್ ನೋಡಿದಳು.

"ಏನದು?"

"ಅದು, ಮಂಚ..." ಅಂದವನು ನಿಲ್ಲಿಸಿದ. ಕ್ಯಾಲೆಂಡರನ್ನು ನೆಲಕ್ಕಿಟ್ಟ. ಅವನಿಗೆ ವಿಪರೀತ ಹೆದರಿಕೆಯಾಗಿತ್ತು, ಆದರೂ ಹೇಳಿದ.

"ನಾನು ಗೋಡೆಗೆ ಎಸೀಲಿಲ್ಲ. ನಿನಗೇ ಎಸೆದೆ. ನೀನು ಬಗ್ಗಿದೆ."

ವಿಶಾಲಾಕ್ಷಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಇಷ್ಟು ದಿನ ಫೋನಿನಲ್ಲಿ ಗೋಡೆಗೆ, ಗೋಡೆಗೆ ಅಂತಿದ್ರಿ," ಅಂದಳು. "ನನಗೇ ತಲೆ ಕೆಟ್ಟಿದೆಯೇನೋ ಅಂದ್ಕೊಂಡಿದ್ದೆ."

"ನಿನ್ನ ತಲೆ ಸರಿಯಾಗೇ ಇತ್ತು."

ಅವಳು ಚಪ್ಪಲಿ ಬಿಟ್ಟಳು. ಚೀಲವನ್ನು ಹೊಸ್ತಿಲ ಒಳಗೆ, ಬಾಗಿಲ ಪಕ್ಕದಲ್ಲೇ ಇಟ್ಟು, ಬಾಗಿಲಿಗೆ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಳು. ಬಾಗಿಲನ್ನು ತೆರೆದೇ ಬಿಟ್ಟಿದ್ದಳು.

ಅಷ್ಟೇ ಸಾಕಾಯಿತು ಮರುಳಸಿದ್ಧನಿಗೆ. ಎರಡು ಹೆಜ್ಜೆ ಮುಂದೆ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕೂತ. "ಇನ್ನು ಮೇಲೆ ಯಾವತ್ತೂ ಹಾಗೆ ಮಾಡಲ್ಲ, ನಿನ್ನಾಣೆ. ನೀನು ಇರ್ತೀಯ ತಾನೇ? ಈಗಲೇ ಹೇಳಿಬಿಡು. ಚೀಲ ಒಳಗಿಡಲಾ?" ಅನ್ನುತ್ತ ಚೀಲಕ್ಕೆ ಕೈ ಹಾಕಿದ.

ವಿಶಾಲಾಕ್ಷಿಯ ಮುಖ ಬಿಗಿಯಾಯಿತು. ಅವಳ ಕೈಯೂ ಚೀಲದ ಹಿಡಿಗೆ ಬಂತು.

ಬ್ಲೇಡು ತೊಳೆಯುತ್ತಿದ್ದ ಅಜ್ಜಯ್ಯ ತಲೆ ಎತ್ತದೆ ಅಂದರು:

"ಕೈ ತೆಗಿ, ತಮ್ಮಾ. ಒಣಗಲಿ."