ಅಜ್ಜನವರು ಹೊತ್ತ ಹರಕೆ

ಪೂಜ್ಯ ಶ್ರೀ ಮುರುಗಯ್ಯ ಅಜ್ಜನವರ ಮಠವೆಂದರೆ ಯಾರೂ ದೊಡ್ಡ ಕಟ್ಟಡವನ್ನು ಕಲ್ಪಿಸಿಕೊಳ್ಳಬಾರದು. ಕೆರೆಹಾಳದ ಸರಕಾರಿ ಆಸ್ಪತ್ರೆಯ ಗೇಟಿನ ಎದುರಿಗೆ ತಗಡು ಹೊದಿಸಿದ ಎರಡು ಖೋಲಿ. ಒಂದರಲ್ಲಿ ಅವರ ಗುರುಗಳ ಗದ್ದುಗೆ, ಇನ್ನೊಂದರಲ್ಲಿ ಒಲೆ. ರೋಗಿಗಳ ಜೊತೆ ಬಂದು ಹಸಿದು ಕುಳಿತವರಿಗೆ ಪೂಜ್ಯರು ದಿನವೂ ತಾವೇ ಜೋಳದ ಅಂಬಲಿ ಕಾಸಿ ಬಡಿಸುತ್ತಿದ್ದರು. ಅದೂ ಎಂಥ ಅಂಬಲಿ! ಒಂದು ದಿನ ಉಪ್ಪು ಹೆಚ್ಚು, ಮರುದಿನ ಉಪ್ಪೇ ಇಲ್ಲ. ಭಕ್ತರು ಮೆಲ್ಲಗೆ ಹೇಳಲು ಹೋದರೆ, "ನಿನ್ನೀದೂ ಇವತ್ತಿಂದೂ ಕೂಡಿಸಿ ಕುಡೀರಿ, ಸರಿ ಆಕ್ಕೈತಿ" ಎಂದು ನಗುತ್ತಿದ್ದರು. ಮಹಾತ್ಮರಿಗೆ ಅಡುಗೆ ಬರಲೇಬೇಕೆಂದು ಯಾವ ಶಾಸ್ತ್ರದಲ್ಲಿದೆ? ಬಟ್ಟಲು ಮುಂದೆ ಚಾಚಿದವರು ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ.

ಒಂದು ಚಳಿಗಾಲದ ಬೆಳಗ್ಗೆ ಭರಮಪ್ಪ ಬಂದು ಗದ್ದುಗೆಯ ಮುಂದೆ ಅಡ್ಡಬಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲಿ ಅವನು. ತುಂಬಿದ ಚೀಲ ಬೆನ್ನಿಗೇರಿಸಿಕೊಂಡು ಹಾಡು ಹೇಳುತ್ತ ಹೋಗುವ ಗಂಡಾಳು, ಅಂದು ಒಂದು ತೆಂಗಿನಕಾಯಿ ಒಡೆಯಲು ಮೂರು ಸಲ ಕೈ ಎತ್ತಿದ. ಒಡೆದ ಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದ: "ಗುರುವೇ, ಈ ಕೂಸನ್ನರ ನನಗ ಉಳಿಸಿ ಕೊಡು! ಇದರ ಹುಟ್ಟುಗೂದಲ ತಗದು ಜವಳ ಮಾಡೂತನಕ ನಾ ಇದನ್ನ ಮುಟ್ಟೂದಿಲ್ಲ. ಮುಟ್ಟಿದ್ರ ನನ್ನ ಕೇಳು!"

ಒಲೆಯ ಮುಂದಿದ್ದ ಪೂಜ್ಯರು ಈ ಮಾತು ಕೇಳಿ ಸೌಟು ಕೆಳಗಿಟ್ಟರು.

ಪಾಪ, ಅವನು ಇಂಥ ಹರಕೆ ಹೊರಲು ಕಾರಣವಿತ್ತು. ಇದಕ್ಕೆ ಮೊದಲು ಎರಡು ಗಂಡುಕೂಸು ಹುಟ್ಟಿದ್ದವು. ಎರಡೂ ದಿನ ತುಂಬುವ ಮೊದಲೇ ಹುಟ್ಟಿ, ಎರಡೂ ಇವನ ಕೈಯಲ್ಲೇ ಉಸಿರು ಬಿಟ್ಟಿದ್ದವು. ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಭರಮಪ್ಪನ ಕೈಗುಣ ಸರಿಯಿಲ್ಲ ಎಂದುಬಿಟ್ಟರು. ಆ ಮಾತು ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದುಹೋಗಿತ್ತು. ಈಗ ಹೆಂಡತಿ ಕಲ್ಲವ್ವನಿಗೆ ಏಳನೆಯ ತಿಂಗಳಲ್ಲೇ ಫಿಟ್ಸ್ ಬಂದು, ಆಕೆ ಹೆಣ್ಣುಕೂಸು ಹೆತ್ತು ಎಚ್ಚರ ತಪ್ಪಿ ಮಲಗಿದ್ದಳು. ಕೂಸು ಎಷ್ಟಿತ್ತೆಂದರೆ, ಇವನ ಒಂದು ಅಂಗೈಯಲ್ಲಿ ಮಲಗಿಸಬಹುದಿತ್ತು. ಆದರೆ ಇವನು ಅಂಗೈ ಚಾಚಬೇಕಲ್ಲ!

ಅಷ್ಟರಲ್ಲಿ ಜೈಬುನ್ನಿಸಾ ಸಿಸ್ಟರ್ ರಸ್ತೆ ದಾಟಿ ಓಡಿ ಬಂದರು. ಹೆರಿಗೆ ವಾರ್ಡಿನ ಹಿರಿಯ ನರ್ಸ್, ಪೂಜ್ಯರನ್ನು ತಂದೆಯಂತೆ ಕಾಣುತ್ತಿದ್ದವರು.

"ಏ ಭರಮಪ್ಪ, ಅಲ್ಲಿ ಕೂಸು ತಣ್ಣಗಾಗಾಕ ಹತ್ತೈತಿ, ನೀ ಇಲ್ಲಿ ಕಾಯಿ ಒಡಕೋಂತ ಕುಂತೀಯಾ? ಡಾಕ್ಟರ್ ನಿನಗ ಏನು ಹೇಳಿದ್ರು?"

"ನನ್ನ ಕಡೆ ಆಗೂದಿಲ್ರಿ ಸಿಸ್ಟರ್" ಎಂದು ಅವನು ಮುಖ ತಿರುಗಿಸಿದ.

ಪೂಜ್ಯರು ಸಿಸ್ಟರ್ ಕಡೆ ನೋಡಿದರು. "ಏನವ್ವಾ, ನನಗೂ ತಿಳಿಯೂ ಹಂಗ ಹೇಳು."

ಸಿಸ್ಟರ್ ಹೇಳಿದರು. ಬಿಸಿ ಇಡುವ ಯಂತ್ರ ಆಸ್ಪತ್ರೆಯಲ್ಲಿ ಒಂದೇ ಇದೆ, ಅದರಲ್ಲಿ ಉಸಿರಿಗೆ ಒದ್ದಾಡುವ ಬೇರೊಂದು ಕೂಸಿದೆ. ಇಂಥ ಎಳೆಯ ಕೂಸು ತನ್ನ ಮೈ ತಾನು ಬೆಚ್ಚಗಿಟ್ಟುಕೊಳ್ಳಲಾರದು. ತಲೆಗೊಂದು ಟೋಪಿ ಹಾಕಿ, ಬರಿಮೈಯ ಕೂಸನ್ನು ಬರಿ ಎದೆಗೆ ನೆಟ್ಟಗೆ ಆನಿಸಿ, ಮೇಲೆ ಬಟ್ಟೆ ಸುತ್ತಿ ಗಂಟೆಗಟ್ಟಲೆ ಕೂಡಬೇಕು. ಯಂತ್ರ ಖಾಲಿಯಿದ್ದರೂ ಡಾಕ್ಟರು ಇದನ್ನೇ ಮಾಡಿಸುತ್ತಿದ್ದರಂತೆ, ಎದೆಯ ಬಡಿತ ಕೇಳುತ್ತ ಇಂಥ ಕೂಸು ಉಸಿರು ಚೆನ್ನಾಗಿ ಹಿಡಿಯುತ್ತದಂತೆ. "ತಾಯಿಗೆ ಎಚ್ಚರಿಲ್ಲ. ಅಜ್ಜಿ ಇಲ್ಲ, ಅತ್ತಿ ಇಲ್ಲ. ಇವನೊಬ್ಬನ ಇರೋದು. ಇವನು ಕೂಸು ನೋಡಿದ್ರ ಓಡತಾನ್ರಿ ಅಜ್ಜಾರ!"

ಭರಮಪ್ಪ ಪೂಜ್ಯರ ಪಾದ ಹಿಡಿದುಕೊಂಡ. "ಅಜ್ಜಾರ, ನೀವ ಎತ್ಕೋರಿ. ನಿಮ್ಮ ಎದಿ ಪುಣ್ಯದ ಎದಿ. ನಾ ಮುಟ್ಟಿದ್ರ ಅದು ಸಾಯತೈತ್ರಿ. ಈಗ ಹರಕಿನೂ ಹೊತ್ತೇನಿ. ಮುರದ್ರ ಗುರು ಬಿಡತಾನಾ?"

ನೋಡಿ, ಎಂಥ ಇಕ್ಕಟ್ಟು! ಮುಟ್ಟಿದರೆ ಹರಕೆ ಮುರಿಯುತ್ತದೆ, ಮುಟ್ಟದಿದ್ದರೆ ಕೂಸು ಚಳಿಗೆ ಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹರಕೆಯೆಲ್ಲ ಸುಳ್ಳೆಂದು ಬೈದು ಎಬ್ಬಿಸುತ್ತಿದ್ದರೇನೋ. ಪೂಜ್ಯರು ಹಾಗೆ ಮಾಡಲಿಲ್ಲ. ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತರು.

"ಭರಮಾ, ಮನ್ಯಾಗ ಒಬ್ಬರು ಹೊತ್ತ ಹರಕಿ ಹಿರ್‍ಯಾರು ತೀರಸೂದು ಐತೋ ಇಲ್ಲೋ?"

"ಐತ್ರಿ."

"ನಾ ನಿಮ್ಮ ಮನಿ ಹಿರ್‍ಯಾ ಹೌದೋ ಅಲ್ಲೋ?"

"ಹೌದ್ರಿ ಅಜ್ಜಾರ. ನೀವಲ್ದ ಮತ್ಯಾರು?"

"ಹಂಗಾದ್ರ ಆ ಹರಕಿ ನಂದು. ಜವಳದ ತನಕ ನಾ ಆ ಕೂಸು ಮುಟ್ಟೂದಿಲ್ಲ. ನೀ ಅದನ್ನ ಎದಿ ಮ್ಯಾಲಿಂದ ಇಳಸಬ್ಯಾಡ. ಅದಕ್ಕೀಗ ಸ್ವಾಮಿ ಬೇಕಾಗಿಲ್ಲೋ, ಅಪ್ಪ ಬೇಕಾಗ್ಯಾನ."

ಸಿಸ್ಟರ್ ಕಣ್ಣು ತುಂಬಿ ಬಂದವು. ಏಕೆಂದರೆ ಅವರಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಹೊರಬೀಳುವ ಒಂದೊಂದು ಕೂಸೂ ಮೊದಲು ಬರುವುದು ಪೂಜ್ಯರ ತೊಡೆಗೇ. ಕೂಸುಗಳೆಂದರೆ ಅವರಿಗೆ ಪ್ರಾಣ. ಒಲೆಯ ಮೇಲೆ ಅಂಬಲಿ ಸೀದು ಹೋದರೂ ಕೈಯಲ್ಲಿದ್ದ ಕೂಸನ್ನು ಇಳಿಸುವವರಲ್ಲ. ಅಂಥವರು ಹೀಗೆ ನುಡಿದರು, ನುಡಿದ ಮೇಲೆ ತಪ್ಪುವವರೂ ಅಲ್ಲ.

ಭರಮಪ್ಪನ ಹತ್ತಿರ ಇನ್ನೊಂದು ನೆಪವಿತ್ತು. "ನನ್ನ ಮೈ ತುಂಬ ಮೆಣಸಿನಕಾಯಿ ಘಾಟು ಐತ್ರಿ."

"ಅದಕ್ಕೇನಾತು? ಬಾ ಇಲ್ಲಿ" ಎಂದು ಪೂಜ್ಯರು ಎದ್ದರು. ಅಂಬಲಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದೇ ಹಂಡೆಯಲ್ಲಿ ನೀರು ಕಾಸಿ, ಆ ಹಮಾಲಿಯನ್ನು ಕಲ್ಲಿನ ಮೇಲೆ ಕೂಡಿಸಿ ತಮ್ಮ ಕೈಯಾರೆ ಎದೆ, ಬೆನ್ನು, ಬೆರಳ ಸಂದಿ ತಿಕ್ಕಿ ತೊಳೆದರು. ಅವನು ಸಂಕೋಚಕ್ಕೆ ಹಿಡಿಯಾಗಿ ಕುಳಿತಿದ್ದ. "ಸುಮ್ನ ಕೂಡೋ, ಎಮ್ಮಿ ತೊಳದಂಗ ಆಗೇತಿ ನನಗ!" ಎಂದು ಪೂಜ್ಯರು ಗದರಿದರು. ಅಂಥ ಹೊತ್ತಿನಲ್ಲೂ ಅವನಿಗೆ ನಗು ಬಂತು.

ವಾರ್ಡಿನ ಮೂಲೆಯಲ್ಲಿ ಕುರ್ಚಿಯ ಮೇಲೆ ಭರಮಪ್ಪ ಅಂಗಿ ತೆಗೆದು ಕುಳಿತ. ಸಿಸ್ಟರ್ ಕೂಸನ್ನು ತಂದು, ಕಪ್ಪೆಯಂತೆ ಕಾಲು ಮಡಿಸಿ, ಮುಖ ಒಂದು ಕಡೆಗೆ ತಿರುಗಿಸಿ ಅವನ ಎದೆಗೆ ಆನಿಸಿದರು. ಕಲ್ಲವ್ವನ ಹಳೆಯ ನೂಲಿನ ಸೀರೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿದರು. ಪೂಜ್ಯರು ಬಾಗಿಲ ಹೊರಗೇ ನಿಂತಿದ್ದರು.

ಕೂಸಿನ ಮೈ ತಣ್ಣಗಿತ್ತು. ಭರಮಪ್ಪ ಕಣ್ಣು ಮುಚ್ಚಿದ. ಮೊದಲೆರಡು ಕೂಸುಗಳೂ ಕೊನೆಗೆ ಹೀಗೇ ತಣ್ಣಗಾಗಿದ್ದವು. ಉಸಿರಾಡಲೂ ಹೆದರಿ ಅವನು ಕಲ್ಲಾಗಿ ಕುಳಿತ. ಎದೆಯ ಮೇಲೆ ಇರುವೆ ಹರಿದಷ್ಟೇ ಹಗುರಾಗಿ ಆ ಪುಟ್ಟ ಉಸಿರು ತಾಗುತ್ತಿತ್ತು. ನಡುವೆ ಒಮ್ಮೆ ನಿಂತಂತೆ ಆಯಿತು. "ಅಯ್ಯೋ ಅಜ್ಜಾರ!" ಎಂದು ಚೀರಿದ. "ಬೆನ್ನು ಸವರು" ಎಂದರು ಸಿಸ್ಟರ್. ಆ ಒರಟು ಬೆರಳು ಬೆನ್ನು ಸವರಿತು. ಉಸಿರು ಮತ್ತೆ ತಾಗಿತು. ಎಷ್ಟೋ ಹೊತ್ತಿನ ಮೇಲೆ ಸಿಸ್ಟರ್ ಕೂಸಿನ ಪಾದ ಮುಟ್ಟಿ ನೋಡಿ, "ಬೆಚ್ಚಗಾಗೇತಿ ನೋಡು, ನೀನ ಮುಟ್ಟಿ ನೋಡು" ಎಂದರು. ಮುಟ್ಟಿದ. ಹೌದು, ಬೆಚ್ಚಗಿತ್ತು. ಆಗ ಅವನು ಅತ್ತ ಅಳು ವಾರ್ಡಿನವರೆಲ್ಲ ಎದ್ದು ಕೂಡುವಂತಿತ್ತು. ಕೂಸು ಮಾತ್ರ ಅವನ ಎದೆಯೊಡನೆ ಏರುತ್ತ ಇಳಿಯುತ್ತ ಆರಾಮಾಗಿ ಮಲಗಿತ್ತು.

ಕಲ್ಲವ್ವನಿಗೆ ಎಚ್ಚರವಾಯಿತು, ಹಾಲು ಬಂತು. ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದರು. ಗಂಡ ಹೆಂಡತಿ ಸರದಿಯ ಮೇಲೆ ಕೂಸನ್ನು ಎದೆಗೆ ಕಟ್ಟಿಕೊಂಡು ಚಳಿಗಾಲ ಕಳೆದರು. ಹಮಾಲರೆಲ್ಲ, "ಭರಮಪ್ಪ ಬಾಣಂತಿ ಆಗ್ಯಾನ" ಎಂದು ನಕ್ಕರು. ನಗಲಿ ಬಿಡಿ! ಕೂಸಿಗೆ ನೀಲವ್ವನೆಂದು ಹೆಸರಿಟ್ಟು ಮನೆಗೆ ಒಯ್ದ ದಿನ ಅವರೇ ಓಣಿಗೆಲ್ಲ ಸಕ್ಕರೆ ಹಂಚಿದರು.

ಪೂಜ್ಯರು ತಮ್ಮ ಮಾತು ನಡೆಸಿಕೊಂಡು ಬಂದರು. ನೀಲವ್ವ ಮಠಕ್ಕೆ ಬಂದಾಗಲೆಲ್ಲ ದೂರ ನಿಂತು ಕೈಮುಗಿಯುತ್ತಿದ್ದರು. ಅಂಬೆಗಾಲಿಟ್ಟು ಹತ್ತಿರ ಬಂದರೆ, ಎದ್ದು ಒಲೆಯ ಹಿಂದೆ ಸರಿಯುತ್ತಿದ್ದರು. ಒಮ್ಮೆ ಅವಳು ಹೊಸ್ತಿಲಲ್ಲಿ ಮುಗ್ಗರಿಸಿ ಅತ್ತಾಗ ಅವರ ಕೈ ತಾನಾಗಿ ಮುಂದೆ ಬಂತು, ತಡೆದು ಹಿಂದೆ ಸರಿಯಿತು. ಭರಮಪ್ಪ ಅದನ್ನು ಕಣ್ಣಾರೆ ಕಂಡ. ತಾನು ಕೂಸನ್ನು ಎತ್ತಿ ಆಡಿಸಿದ ಸುಖಕ್ಕೆಲ್ಲ ಬೆಲೆ ಕೊಡುತ್ತಿದ್ದವರು ಯಾರೆಂಬುದು ಅವನಿಗೆ ಅಂದು ಅರ್ಥವಾಯಿತು. ರಾತ್ರಿ ಅನ್ನ ಸೇರಲಿಲ್ಲ.

ಮೂರನೆಯ ವರ್ಷ ಗದ್ದುಗೆಯ ಮುಂದೆ ಜವಳ. ಸೋದರಮಾವನ ತೊಡೆಯ ಮೇಲೆ ನೀಲವ್ವನ ತಲೆ ಬೋಳಾಯಿತು. ಭರಮಪ್ಪ ಮಗಳನ್ನು ಎತ್ತಿಕೊಂಡು, ಇಂದಾದರೂ ಋಣ ಸ್ವಲ್ಪ ತೀರಲೆಂದು ನೇರ ಪೂಜ್ಯರ ಬಳಿ ಬಂದ. ಪೂಜ್ಯರು ಆಗಲೇ ಕೈ ತೊಳೆದು, ಹೆಗಲ ವಸ್ತ್ರವನ್ನು ತೊಡೆಯ ಮೇಲೆ ಹಾಸಿ ಕಾದು ಕುಳಿತಿದ್ದರು. ಎರಡೂ ಕೈ ಚಾಚಿದರು.

"ಬಾ ನನ್ನವ್ವಾ. ಬಾ."

ನೀಲವ್ವ ಆ ಬಿಳಿ ಗಡ್ಡ ನೋಡಿದಳು. ಇಷ್ಟು ಹತ್ತಿರದಿಂದ ಅವಳು ಅದನ್ನು ಎಂದೂ ಕಂಡಿರಲಿಲ್ಲ! ಕಿಟಾರನೆ ಕಿರುಚಿ, ಎರಡೂ ಕೈಯಿಂದ ಅಪ್ಪನ ಕೊರಳು ಬಿಗಿಹಿಡಿದು, ಬೋಳು ತಲೆಯನ್ನು ಅವನ ಎದೆಗೆ ಒತ್ತಿಕೊಂಡಳು.

ಭರಮಪ್ಪನ ಮುಖ ಇಷ್ಟಾಯಿತು. "ಹೋಗವ್ವಾ, ಅಜ್ಜಾರು ಕರೀತಾರ, ಹೋಗ" ಎಂದು ಅವಳ ಬೆರಳು ಬಿಡಿಸತೊಡಗಿದ.

"ಎಳೀಬ್ಯಾಡೋ!" ಎಂದರು ಪೂಜ್ಯರು. ಅವರು ನಗುತ್ತಿದ್ದರು. ಗಡ್ಡ ನೆನೆಯುವಷ್ಟು ಕಣ್ಣೀರು ಸುರಿಯುತ್ತಿತ್ತು, ಆದರೂ ನಗುತ್ತಿದ್ದರು. "ಹೆದರಿದಾಗ ಎಲ್ಲಿ ಹೋಗಬೇಕನ್ನೂದು ಅದಕ್ಕ ಗೊತ್ತೈತಿ. ನಾ ಬೇಡಿದ್ದು ಇಷ್ಟನ. ಹರಕಿ ಮುಟ್ಟಿತು ಭರಮಾ."

ಹಾಗೆಂದು ಅವರು ಮೇಲೆದ್ದು, ಕೂಸನ್ನು ಬಿಡಿಸದೆ, ಕೂಸು ಹೊತ್ತ ಭರಮಪ್ಪನನ್ನೇ ಎರಡೂ ತೋಳಿನಿಂದ ಎದೆಗೆ ಅಪ್ಪಿಕೊಂಡರು. ನಡುವೆ ಸಿಕ್ಕ ನೀಲವ್ವ ಇನ್ನೂ ಜೋರಾಗಿ ಕಿರುಚಿದಳು. ಭರಮಪ್ಪ ಪೂಜ್ಯರ ಹೆಗಲಿಗೆ ಮುಖವಿಟ್ಟು ಅತ್ತ. ಅಳುತ್ತಲೇ ಅವನ ಬಲಗೈ ತಾನಾಗಿ ಮಗಳ ಬೆನ್ನು ಸವರುತ್ತಿತ್ತು, ಸ್ವಲ್ಪ ಹೊತ್ತಿಗೆ ಅವಳು ಸುಮ್ಮನಾದಳು.