ಹುಲ್ಲು ಕಾಯುತ್ತಿದ್ದ ಫಲಕ

ಊರಂಚಿನ ಬಡಾವಣೆಯೊಂದರ ಉದ್ಯಾನದಲ್ಲಿ, ಹುಲ್ಲುಹಾಸಿನ ನಟ್ಟನಡುವೆ, "ಹುಲ್ಲಿನ ಮೇಲೆ ನಡೆಯಬೇಡಿ" ಎಂಬ ತಗಡಿನ ಫಲಕವಿತ್ತು. ಬರೆದವನು ಬಣ್ಣ ಉಳಿಸಲೆಂದು ಅಕ್ಷರಗಳನ್ನು ಸಾಸಿವೆಯಷ್ಟು ಮಾಡಿದ್ದ. ಆದರೂ ಸುತ್ತಲಿನ ಹಸಿರೆಲ್ಲ ತನ್ನ ಕಾವಲಿನಿಂದಲೇ ಉಳಿದಿದೆಯೆಂದು ಫಲಕ ಬೀಗುತ್ತಿತ್ತು. ಅದಕ್ಕಿದ್ದ ಸಂಕಟವೆಂದರೆ, ತನ್ನ ಬುಡದಲ್ಲಿ ಮಾತ್ರ ನೆಲ ಬೋಳಾಗಿ, ಒಂದೇ ಒಂದು ಗರಿಕೆ ಉಳಿದಿತ್ತು.

"ಏನಮ್ಮ ಗರಿಕೆ, ನನ್ನ ನೆರಳಿನಲ್ಲಿದ್ದೂ ಸೊರಗಿದ್ದೀಯಲ್ಲ. ನಿನ್ನ ಬಳಗವೆಲ್ಲ ಎಲ್ಲಿ?" ಎಂದು ಫಲಕ ಕೇಳಿತು.

"ತುಳಿತಕ್ಕೆ ಸಿಕ್ಕಿ ಸತ್ತಿತು, ಅಣ್ಣ."

"ತುಳಿದವರು ಯಾರು? ಹೇಳು, ಗದರಿಸುತ್ತೇನೆ."

"ನಿಮ್ಮನ್ನು ಓದಲು ಬಂದವರೇ. ದಾರಿಯಿಂದ ನಿಮ್ಮ ಅಕ್ಷರ ಕಾಣುವುದಿಲ್ಲ. ಏನು ಬರೆದಿದೆಯೋ ಎಂದು ಹತ್ತಿರ ಬರುತ್ತಾರೆ. ಓದಿ, 'ಅಯ್ಯೋ, ತಪ್ಪಾಯಿತು' ಎಂದು ತುಳಿದುಕೊಂಡೇ ಹಿಂದಿರುಗುತ್ತಾರೆ. ಇನ್ನಿಬ್ಬರು ಓದಿದರೆ ನಾನೂ ಇರುವುದಿಲ್ಲ."

ಫಲಕಕ್ಕೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇದ್ದದ್ದೇ ಒಂದು ಮುಖ, ಅದರ ತುಂಬ ಉಪದೇಶ. ಅಂದು ಸಂಜೆ ಜೋರು ಮಳೆ ಬಂದಾಗ, ಇಷ್ಟು ವರ್ಷ ಬಿಗಿಹಿಡಿದಿದ್ದ ಬಣ್ಣವನ್ನು ಅದು ತಾನಾಗಿಯೇ ಬಿಟ್ಟುಕೊಟ್ಟಿತು.

ಬರಿಯ ತಗಡನ್ನು ಓದಲು ಯಾರೂ ಬರಲಿಲ್ಲ. ತಿಂಗಳೊಳಗೆ ಗರಿಕೆ ಬುಡದ ಸುತ್ತಲೂ ಹಬ್ಬಿತು. ತೋಟಗಾರ ಸಿದ್ದಲಿಂಗಯ್ಯ ವಾಯುವಿಹಾರಕ್ಕೆ ಬಂದವರಿಗೆ ಅದನ್ನು ತೋರಿಸಿ, "ಅಂತೂ ಜನಕ್ಕೆ ಬುದ್ಧಿ ಬಂತು ನೋಡಿ" ಎಂದ.

ಬುದ್ಧಿ ಬಂದದ್ದು ತನಗೆ ಎಂದು ಸಾರಿಕೊಳ್ಳೋಣವೆಂದರೆ, ಫಲಕದ ಮೈಮೇಲೆ ಒಂದಕ್ಷರವೂ ಉಳಿದಿರಲಿಲ್ಲ.