ತತ್ವಾರದ ಬಂಡೆ

ಸಿರಿಗಟ್ಟೆಗೆ ಹೋಗುವ ದಾರಿಯ ಎಡಕ್ಕೆ, ಜಾಲಿಗಿಡಗಳ ನಡುವೆ, ಬೋಳಾದ ಒಂದು ಬಂಡೆಯಿದೆ. ಏರುವುದು ಕಷ್ಟವಲ್ಲ, ಮೇಲೆ ಗುಡಿಯೂ ಇಲ್ಲ. ಊರಿನವರು ಅದನ್ನು ತತ್ವಾರದ ಬಂಡೆ ಎನ್ನುತ್ತಾರೆ. ಇಂಥ ಕೆಟ್ಟ ಹೆಸರೇಕೆ ಎಂದು ಬಂದವರು ಮೂಗು ಮುರಿಯುವುದುಂಟು. ಕೊರತೆಯೆಂದರೆ ಇದ್ದದ್ದು ಸಾಲದು ಎಂದರ್ಥ. ತತ್ವಾರವೆಂದರೆ ತಡಕಾಡಿದರೂ ಸಿಗದು. ಹೊಟ್ಟೆ ತುಂಬಿದವರಿಗೆ ಈ ವ್ಯತ್ಯಾಸ ತಿಳಿಯುವುದು ತುಸು ಕಷ್ಟವೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಸೀಮೆಗೆ ಮಳೆ ಮೇಲಿಂದ ಮೇಲೆ ಕೈಕೊಟ್ಟಿತಂತೆ. ಸಿರಿಗಟ್ಟೆಯ ಹೆಂಗಸರಲ್ಲಿ ಆಗ ಒಂದು ಕಟ್ಟಳೆಯಿತ್ತು. ಒಲೆಯ ಮುಂದೆ 'ಇಲ್ಲ' ಎನ್ನಬಾರದು, 'ತೀರಿತು' ಎನ್ನಬಾರದು. ರಾಗಿ ಮುಗಿದರೆ 'ರಾಗಿ ಹೆಚ್ಚಿದೆ' ಎನ್ನಬೇಕು. ತತ್ವಾರವೆಂಬ ಮಾತಂತೂ ಹೊಸಿಲೊಳಗೆ ಸುಳಿಯುವಂತಿರಲಿಲ್ಲ. ಪಾಲಮ್ಮ ಬೇರೆ ಸೀಮೆಯಿಂದ ಬಂದ ಸೊಸೆ, ಚೊಚ್ಚಲ ಬಾಣಂತಿ. ಉಣ್ಣಲು ಸೊಪ್ಪೂ ಸಿಗದೆ ಅವಳ ಎದೆ ಬತ್ತಿತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು. ಅದು ಒಮ್ಮೆ ಅಳಲಿ ಎಂದು ಅವಳು ದೇವರಿಗೆ ಹರಕೆ ಹೊತ್ತಿದ್ದಳು.

ಅಂಥ ಹೊತ್ತಿನಲ್ಲಿ ಪಾಳೆಯಗಾರ ಕಳಿಸಿದ ಧಾನ್ಯದ ಗಾಡಿಗಳು ಬಂದವು. ಜೊತೆಗಿದ್ದ ಪಾರುಪತ್ಯಗಾರ ಪರಸ್ಥಳದವನು. ಮೊದಲ ಮನೆಯ ಮುಂದೆ ನಿಂತು, "ಕಾಳುಕಡಿ ಹೇಗಿದೆಯಮ್ಮ?" ಎಂದು ಕೇಳಿದ. ಪಾಲಮ್ಮನ ಅತ್ತೆ ತಿಪ್ಪಕ್ಕ ಸೆರಗು ಸರಿಮಾಡಿಕೊಂಡು, "ಹೆಚ್ಚೈತೆ ಸ್ವಾಮಿ, ಪೂರಾ ಹೆಚ್ಚೈತೆ" ಎಂದಳು. ಪಕ್ಕದ ಮನೆಯವಳೂ ಅದನ್ನೇ ಹೇಳಿದಳು. ನೆಲದೊಳಗಿನ ಹಗೇವುಗಳಲ್ಲಿ ದಾಸ್ತಾನಿರಬೇಕೆಂದು ತಿಳಿದ ಆತ ಗಾಡಿಗಳನ್ನು ಮುಂದಿನ ಊರಿನ ಕಡೆ ತಿರುಗಿಸಿದ. "ಅತ್ತೆ, ಅವ್ರಿಗೆ ನಮ್ ಮಾತು ತಿಳೀಲಿಲ್ಲ. ಬಿಡಿಸಿ ಹೇಳ್ರಿ" ಎಂದು ಪಾಲಮ್ಮ ಗೋಗರೆದಳು. "ಎಳೇ ಕೂಸಿರೋ ಮನ್ಯಾಗೆ ಅಪಶಕುನದ ಮಾತಾಡ್ಲೇನೆ? ಬಾಯಿ ಮುಚ್ಚು" ಎಂದಳು ತಿಪ್ಪಕ್ಕ. ಮೊಮ್ಮಗನ ಮೇಲಿನ ಜೀವದಿಂದಲೇ ಹೇಳಿದಳು, ಪಾಪ.

ಪಾಲಮ್ಮ ಕೂಸನ್ನು ಎದೆಗೆ ಕಟ್ಟಿಕೊಂಡು ಓಡಿದಳು. ಗಾಡಿಗಳು ದೂರವಾಗಿದ್ದವು, ಕಾಲಲ್ಲಿ ಶಕ್ತಿಯಿರಲಿಲ್ಲ. ದಾರಿಯ ಪಕ್ಕದ ಬಂಡೆಯನ್ನೇರಿ ಕೂಗಿದಳು: "ತತ್ವಾರ! ಸ್ವಾಮೀ, ಕಾಳಿಗೆ ತತ್ವಾರ, ನೀರಿಗೆ ತತ್ವಾರ, ಎದೆಹಾಲಿಗೂ ತತ್ವಾರ!" ಆ ಊರಿನ ಯಾವ ಸೊಸೆಯೂ ಆಡದ ಮಾತನ್ನು ಗಂಟಲು ಹರಿಯುವಂತೆ ಕೂಗಿದಳು. ಕೊನೆಯ ಗಾಡಿಯವನು ತಿರುಗಿ ನೋಡಿದ.

ಗಾಡಿಗಳು ಮರಳಿ ಬಂದವು, ಊರು ಉಳಿಯಿತು. ಪಾಲಮ್ಮನೂ ಗಂಜಿ ಕುಡಿದಳು. ಅವಳ ಎದೆಗೆ ಹಾಲು ಇಳಿಯುವ ಹೊತ್ತಿಗೆ ಕುಡಿಯಲು ಕೂಸು ಉಳಿದಿರಲಿಲ್ಲ. ಆಗ ತಿಪ್ಪಕ್ಕ ತಾನೇ ಬಂಡೆಯೇರಿ, ಊರೆಲ್ಲ ಕೇಳುವಂತೆ, "ಇಲ್ರಪ್ಪೋ, ನಮ್ ಮನ್ಯಾಗೆ ಕೂಸು ಇಲ್ಲ" ಎಂದು ಎದೆ ಬಡಿದುಕೊಂಡಳು ಎನ್ನುತ್ತಾರೆ.

ಇಂದಿಗೂ ಅಲ್ಲಿಗೆ ಹೋದವರು ನೋಡಬಹುದು. ಬಾಣಂತನ ಮುಗಿಸಿದ ಹೆಂಗಸರು ಬಂಡೆಯ ನೆತ್ತಿಯ ಮೇಲೆ ಒಂದು ಹನಿ ಎದೆಹಾಲು ಬಿಡುತ್ತಾರೆ. ಪೂಜೆಯಿಲ್ಲ, ಮಂತ್ರವಿಲ್ಲ. ಕಾದ ಕಲ್ಲು ಅದನ್ನು ಆಗಲೇ ಹೀರಿಬಿಡುತ್ತದೆ. ಅವರು ಇನ್ನೊಂದು ಹನಿ ಬಿಡುತ್ತಾರೆ.